ನಡುವಣ ಸಂಪುಟದ ಬೆಲೆ

ಕಾದಂಬರಿ ಮಾಲೆಯೊಂದರ ನಡುವೆ ಬರುವ ಸಂಪುಟಕ್ಕೆ ಬೆಲೆ ಕಟ್ಟುವುದು ವಿಮರ್ಶೆಯ ಕೆಲಸಗಳಲ್ಲೇ ತೊಡಕಿನದು. ಮೊದಲ ಸಂಪುಟಕ್ಕೆ ಹೊಸ ಲೋಕವನ್ನು ತೆರೆದು ತೋರಿಸುವ ಸೊಗಸಿರುತ್ತದೆ. ಕೊನೆಯದಕ್ಕೆ ಹರಡಿದ ಎಳೆಗಳನ್ನೆಲ್ಲ ಕೂಡಿಸಿ ಮುಗಿಸುವ ಅಧಿಕಾರವಿರುತ್ತದೆ. ನಡುವಿನದಕ್ಕೆ ಈ ಎರಡೂ ಇಲ್ಲ. ಬೇರೊಂದು ಪುಸ್ತಕದಲ್ಲಿ ಶುರುವಾದ ಕತೆಯನ್ನು ಅದು ಎತ್ತಿಕೊಳ್ಳಬೇಕು, ಇನ್ನೊಂದು ಪುಸ್ತಕದಲ್ಲಿ ಮುಗಿಯಬೇಕಾದ ಕತೆಯನ್ನು ಬಿಟ್ಟುಕೊಡಬೇಕು. ಇಷ್ಟಾದರೂ ಓದುಗ ಕೊಟ್ಟ ಹಣಕ್ಕೂ ವೇಳೆಗೂ ತಾನೇ ಲೆಕ್ಕ ಒಪ್ಪಿಸಬೇಕು.

ಇಂಗ್ಲಿಷಿನಲ್ಲಿ ಎಪಿಕ್ ಫ್ಯಾಂಟಸಿ ಎಂದು ಕರೆಯುವ, ರಾಜ್ಯಗಳೂ ಯುದ್ಧಗಳೂ ಮಾಂತ್ರಿಕ ಶಕ್ತಿಗಳೂ ತುಂಬಿದ ದೀರ್ಘ ಕಥಾಮಾಲೆಗಳು ಕನ್ನಡದಲ್ಲಿ ವಿರಳ. ಆ ಜಾಗವನ್ನು ಇಲ್ಲಿ ತುಂಬಿರುವುದು ಪುರಾಣವನ್ನು ಹೊಸದಾಗಿ ಕಟ್ಟಿದ ಕಾದಂಬರಿಗಳು ಮತ್ತು ಐತಿಹಾಸಿಕ ಕಾದಂಬರಿ ಮಾಲೆಗಳು. ಎರಡನೆಯ ಬಗೆಗೆ ದೊಡ್ಡ ಉದಾಹರಣೆಯನ್ನು ಕೊಟ್ಟ ತ.ರಾ.ಸುಬ್ಬರಾಯರು 1920ರಲ್ಲಿ ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಆಗ ಹರಿಹರ, ದಾವಣಗೆರೆಗಳೆರಡೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು; ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ತ.ರಾ.ಸು. ಬರೆದ ದುರ್ಗದ ಕತೆ ಈ ಭಾಗದ ಓದುಗರಿಗೆ ಪಕ್ಕದ ಜಿಲ್ಲೆಯ ಕತೆಯಾಗಿರಲಿಲ್ಲ, ತಮ್ಮದೇ ಜಿಲ್ಲೆಯದಾಗಿತ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಒಂದು ಕಟ್ಟು. ಆಮೇಲೆ ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’. ಕೊನೆಗೆ 1982ರ ‘ದುರ್ಗಾಸ್ತಮಾನ’. ದಳವಾಯಿ ಮುದ್ದಣ್ಣನ ಪಿತೂರಿಯಿಂದ ಹಿಡಿದು 1779ರಲ್ಲಿ ಹೈದರಾಲಿ ಕೋಟೆಯನ್ನು ಹಿಡಿಯುವವರೆಗೆ ಸುಮಾರು ಒಂದು ಶತಮಾನ ಈ ಎಂಟು ಪುಸ್ತಕಗಳಲ್ಲಿ ಹರಡಿದೆ. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ ಉಳಿದ ಆರೂ ನಡುವಣ ಸಂಪುಟಗಳೇ.

ನಡುವಣ ಸಂಪುಟಗಳೆಲ್ಲ ಒಂದೇ ಜಾತಿಯವಲ್ಲ. ಇದನ್ನು ಮೊದಲು ಗುರುತಿಸದೆ ಹೊರಟ ವಿಮರ್ಶೆ ದಾರಿ ತಪ್ಪುತ್ತದೆ. ‘ರಕ್ತರಾತ್ರಿ’ ಕತೆ ಮುಂದುವರಿಯುವ ಬಗೆಯದು. ಹಿಂದಿನ ಪುಸ್ತಕದ ಜನ, ಹಗೆ, ಸಾವುಗಳೆಲ್ಲ ಅದಕ್ಕೆ ಬಂಡವಾಳ. ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಕ್ಷತ್ರಿಯ’ ಬೇರೆ ಬಗೆಯದು. ‘ಮಹಾಬ್ರಾಹ್ಮಣ’ ಮತ್ತು ‘ಮಹಾದರ್ಶನ’ಗಳ ನಡುವೆ ನಿಲ್ಲುವ ಈ ಕಾದಂಬರಿಗೆ ನಾಯಕ ನಹುಷ. ಮೊದಲನೆಯದರಲ್ಲಿ ವಿಶ್ವಾಮಿತ್ರ, ಮೂರನೆಯದರಲ್ಲಿ ಯಾಜ್ಞವಲ್ಕ್ಯ. ಮೂರನ್ನೂ ಬೆಸೆಯುವುದು ಘಟನೆಗಳ ಸರಪಳಿಯಲ್ಲ, ವೇದಪುರಾಣಗಳ ಲೋಕ ಮತ್ತು ಮನುಷ್ಯ ಎಷ್ಟು ಎತ್ತರಕ್ಕೆ ಏರಬಲ್ಲ ಎಂಬ ಒಂದೇ ಚಿಂತೆ. ಮೂರನೆಯ ಬಗೆಗೆ ಹೊರಗಿನ ಉದಾಹರಣೆ ಟೋಲ್ಕಿನ್ ಬರೆದ ‘ದಿ ಟೂ ಟವರ್ಸ್’ (1954). ಟೋಲ್ಕಿನ್ ಬರೆದದ್ದು ಒಂದೇ ಕಾದಂಬರಿ. ಕಾಗದದ ಬೆಲೆ ಮತ್ತು ನಷ್ಟದ ಭಯದಿಂದ ಪ್ರಕಾಶಕರು ಅದನ್ನು ಮೂರಾಗಿ ಕತ್ತರಿಸಿದರು. ಹೀಗೆ ಕತ್ತರಿಸಿದ ತುಂಡಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ; ದೂರು ಹೋಗಬೇಕಾದದ್ದು ಮುದ್ರಣದ ಖರ್ಚಿನ ಮೇಲೆ. ಅದೇ ದೂರನ್ನು ‘ಮಹಾಕ್ಷತ್ರಿಯ’ದಂಥ ಪುಸ್ತಕದ ಮೇಲೆ ಹೊರಿಸಲು ಬಂದರೆ ಅದು ನಿಜವಾದ ದೋಷವೇ ಆಗುತ್ತದೆ.

ಪ್ರಶಸ್ತಿಗಳ ಚರಿತ್ರೆ ಈ ಭೇದವನ್ನು ಚೆನ್ನಾಗಿ ತೋರಿಸುತ್ತದೆ. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಲೇಖಕರು ಅದಕ್ಕೆ ಮುಂಚಿನ ವರ್ಷವೇ ತೀರಿಕೊಂಡಿದ್ದರು. ಕಲ್ಯಾಣದ ಶರಣರ ಕಾಲವನ್ನು ಕುರಿತು ಬಿ. ಪುಟ್ಟಸ್ವಾಮಯ್ಯನವರು ಬರೆದ ಮಾಲೆಯಲ್ಲಿ ಗೌರವ ಪಡೆದದ್ದು 1964ರಲ್ಲಿ, ಕೊನೆಯ ‘ಕ್ರಾಂತಿಕಲ್ಯಾಣ’. ಎರಡೂ ಕಡೆ ಬಹುಮಾನ ಸಂದದ್ದು ಮುಕ್ತಾಯಕ್ಕೆ. ಆ ಮುಕ್ತಾಯವನ್ನು ಸಾಧ್ಯ ಮಾಡಿದ ಹಿಂದಿನ ಪುಸ್ತಕಗಳು ಅದರ ನೆರಳಿನಲ್ಲಿ ಉಳಿದವು. ಇದಕ್ಕೆ ಎದ್ದು ಕಾಣುವ ಅಪವಾದ 1962ರಲ್ಲಿ ಪ್ರಶಸ್ತಿ ಪಡೆದ ‘ಮಹಾಕ್ಷತ್ರಿಯ’. ಅದು ಮಾಲೆಯ ನಡುವಿನದಾದರೂ ತನ್ನ ಕಾಲ ಮೇಲೆ ತಾನು ನಿಲ್ಲುವ ಪುಸ್ತಕ, ಆದ್ದರಿಂದ ಅದನ್ನು ಒಂದೇ ಆಗಿ ಎತ್ತಿಕೊಂಡು ತೂಗುವುದು ಸುಲಭವಾಯಿತು. ‘ರಕ್ತರಾತ್ರಿ’ಯಂಥ ಪುಸ್ತಕಕ್ಕೆ ಆ ಅನುಕೂಲ ಎಂದೂ ಇರಲಿಲ್ಲ. ಬಹುಮಾನ ಬರಲಿಲ್ಲವೆಂಬ ಕಾರಣಕ್ಕೆ ಅದನ್ನು ಕಡಿಮೆ ಎಣಿಸುವುದು ನ್ಯಾಯವಲ್ಲ.

ತನ್ನಷ್ಟಕ್ಕೆ ನಿಲ್ಲಲಾರದ ಸಂಪುಟವನ್ನು ಹಾಗಾದರೆ ಯಾವುದರಿಂದ ಅಳೆಯಬೇಕು? ಇದಕ್ಕೆ ಹೊಸ ಅಳತೆಗೋಲು ಹುಡುಕಬೇಕಾದ್ದಿಲ್ಲ. ಕನ್ನಡದ ಹಳ್ಳಿಗಳು ನಡುವಿನಿಂದ ಕತೆ ಕೇಳುತ್ತಲೇ ಬಂದಿವೆ. ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಒಂದು ರಾತ್ರಿಯ ಬಯಲಾಟಕ್ಕೆ ಇಡೀ ಮಹಾಭಾರತ ಹಿಡಿಸುವುದಿಲ್ಲ. ಕರ್ಣಾರ್ಜುನರ ಕಾಳಗವನ್ನೋ ಮತ್ತೊಂದು ಪ್ರಸಂಗವನ್ನೋ ಆಡುತ್ತಾರೆ. ಮಳೆ ತಡವಾದ ವರ್ಷ ಭಾರತದ ಹದಿನೆಂಟು ಪರ್ವಗಳಲ್ಲಿ ವಿರಾಟಪರ್ವವನ್ನೇ ಆರಿಸಿ ಓದಿಸುವುದು ಕನ್ನಡ ನಾಡಿನ ಹಳೆಯ ರೂಢಿ. ಹಿಂದೆ ಮೂರು ಪರ್ವ, ಮುಂದೆ ಹದಿನಾಲ್ಕು. ಆದರೂ ಕೇಳುವವರಿಗೆ ತುಂಡು ಕತೆ ಕೇಳಿದೆವೆಂಬ ಕೊರತೆ ಕಾಡುವುದಿಲ್ಲ.

ವಿರಾಟಪರ್ವ ಹೀಗೆ ತುಂಬಿದ ಕತೆಯಾಗಿ ಕೇಳಿಸುವುದಕ್ಕೆ ಕಾರಣಗಳನ್ನು ಬಿಡಿಸಿ ನೋಡಿದರೆ ಒಳ್ಳೆಯ ನಡುವಣ ಸಂಪುಟದ ಲಕ್ಷಣವೇ ಕೈಗೆ ಸಿಗುತ್ತದೆ. ಆ ಪರ್ವಕ್ಕೆ ತನ್ನದೇ ಒಂದು ಪ್ರಶ್ನೆಯಿದೆ: ಒಂದು ವರ್ಷ ಗುರುತು ಸಿಗದೆ ಬದುಕಬೇಕು, ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡು. ಆ ಪ್ರಶ್ನೆ ಪರ್ವದ ಒಳಗೇ ಎದುರಾಗಿ ಒಳಗೇ ತೀರುತ್ತದೆ. ಕೌರವರು ದೂರದಲ್ಲಿದ್ದರೂ ಕತೆ ಸಪ್ಪೆಯಾಗದಂತೆ ಕೀಚಕ ಬರುತ್ತಾನೆ. ಬಂದವನು ಅಲ್ಲಿಯೇ ಮುಗಿಯುತ್ತಾನೆ. ಹಳೆಯ ಪಾತ್ರಗಳನ್ನು ಹೊಸ ವೇಷದಲ್ಲಿ ಕಾಣುವ ಸುಖವೂ ಸಿಗುತ್ತದೆ. ಭೀಮ ಅಡುಗೆಮನೆಯಲ್ಲಿ, ಅರ್ಜುನ ಬೃಹನ್ನಳೆಯಾಗಿ ನೃತ್ಯಶಾಲೆಯಲ್ಲಿ, ಧರ್ಮರಾಯ ರಾಜನ ಜೊತೆ ಪಗಡೆಯ ಮುಂದೆ. ವೇಷ ಬದಲಾದಾಗ ಸ್ವಭಾವದ ಹೊಸ ಮಗ್ಗುಲು ಕಾಣುತ್ತದೆ, ಬರೀ ಹಳೆಯ ಗುಣಗಳ ಪುನರಾವರ್ತನೆಯಾಗುವುದಿಲ್ಲ. ಉತ್ತರಕುಮಾರನಂತಹ ಹೊಸ ಪಾತ್ರಕ್ಕೂ ಜಾಗವಿದೆ. ಕುಮಾರವ್ಯಾಸನ ಕೈಯಲ್ಲಿ ಅವನು ಕನ್ನಡದ ಅತಿ ಪ್ರೀತಿಯ ಹೇಡಿಯಾಗಿಬಿಟ್ಟಿದ್ದಾನೆ. ಕೊನೆಗೆ ಗೋಗ್ರಹಣದ ಯುದ್ಧ. ಅದು ಆ ಪರ್ವದ ಶಿಖರವೂ ಹೌದು, ಮುಂದಿನ ಕುರುಕ್ಷೇತ್ರದ ಮುನ್ಸೂಚನೆಯೂ ಹೌದು. ಪರ್ವ ಮುಗಿಯುವ ಹೊತ್ತಿಗೆ ಪಾಂಡವರು ಬಯಲಿಗೆ ಬಂದಿದ್ದಾರೆ, ಮದುವೆಯ ಮೂಲಕ ಒಬ್ಬ ಬೀಗನನ್ನು ಸಂಪಾದಿಸಿದ್ದಾರೆ, ಇನ್ನು ರಾಜ್ಯ ಕೇಳದೆ ವಿಧಿಯಿಲ್ಲ. ಪರಿಸ್ಥಿತಿ ಶುರುವಿನಲ್ಲಿದ್ದಂತೆ ಉಳಿದಿಲ್ಲ, ಹಿಂದಕ್ಕೆ ತಿರುಗಿಸಲೂ ಬರುವುದಿಲ್ಲ.

ನಡುವಣ ಸಂಪುಟಕ್ಕೆ ಹಾಕಬೇಕಾದ ಮೊದಲ ಪ್ರಶ್ನೆ ಇದೇ: ಈ ಪುಸ್ತಕವನ್ನು ಮಾಲೆಯಿಂದ ತೆಗೆದುಬಿಟ್ಟರೆ ಮುಂದಿನದು ನಿಲ್ಲುತ್ತದೆಯೆ? ತ.ರಾ.ಸು. ಅವರ ತ್ರಿವಳಿಗೆ ಇದನ್ನು ಹಾಕಿ ನೋಡಬಹುದು. ಅದರ ಬೆನ್ನೆಲುಬು ಮುದ್ದಣ್ಣನ ದಳವಾಯಿತನ, ಅಂದರೆ ಸಿಂಹಾಸನದ ಮೇಲೆ ಕೂರದೆ ಸಿಂಹಾಸನವನ್ನು ಆಡಿಸುವ ಆಸೆ. 1689ರಲ್ಲಿ ಭರಮಣ್ಣ ನಾಯಕ ಪಟ್ಟಕ್ಕೆ ಬರುವುದಕ್ಕೆ ಮುಂಚೆ ದುರ್ಗದಲ್ಲಿ ನಡೆದ ಕೋಲಾಹಲ ಇದರ ಚಾರಿತ್ರಿಕ ಹಂದರ. ಮೊದಲ ಪುಸ್ತಕದಲ್ಲಿ ಬಿತ್ತಿದ ದ್ರೋಹ ಮೂರನೆಯದರಲ್ಲಿ ಬಿತ್ತಿದವರ ಮೇಲೇ ತಿರುಗಬೇಕಾದರೆ ನಡುವೆ ಅದು ಕ್ಷಮಿಸಲಾರದಷ್ಟು ಬೆಳೆಯಬೇಕು. ಆ ಬೆಳವಣಿಗೆಯ ಹೊರೆಯೆಲ್ಲ ‘ರಕ್ತರಾತ್ರಿ’ಯ ಮೇಲಿದೆ. ಅದನ್ನು ಕಿತ್ತರೆ ‘ತಿರುಗುಬಾಣ’ದ ಪ್ರತೀಕಾರ ಬರೀ ಕೊಲೆಯಾಗಿ ಕಾಣುತ್ತದೆ. ಈ ದೃಷ್ಟಿಯಿಂದ ತ್ರಿವಳಿಯಲ್ಲಿ ಅತ್ಯಂತ ಅಗತ್ಯವಾದ ಪುಸ್ತಕ ನಡುವಿನದೇ.

ಈ ಪ್ರಶ್ನೆಯ ಮುಂದೆ ಎಡವಿದ ಪ್ರಸಿದ್ಧ ಪುಸ್ತಕಗಳಿವೆ. ರಾಬರ್ಟ್ ಜೋರ್ಡಾನ್ 1990ರಲ್ಲಿ ಶುರುಮಾಡಿದ ‘ದಿ ವೀಲ್ ಆಫ್ ಟೈಮ್’ ಹದಿನಾಲ್ಕು ಸಂಪುಟಗಳಿಗೆ ಬೆಳೆಯಿತು. 2007ರಲ್ಲಿ ಲೇಖಕರು ತೀರಿಕೊಂಡ ಮೇಲೆ ಬ್ರ್ಯಾಂಡನ್ ಸ್ಯಾಂಡರ್ಸನ್ ಅದನ್ನು 2013ರಲ್ಲಿ ಮುಗಿಸಿಕೊಟ್ಟರು. ಅದರ ಹತ್ತನೆಯ ಸಂಪುಟ, 2003ರಲ್ಲಿ ಬಂದದ್ದು, ನಿಂತ ನೀರೆಂದು ಅಭಿಮಾನಿಗಳಿಂದಲೇ ಬೈಸಿಕೊಂಡಿತು. ಒಂಬತ್ತನೆಯದರ ಕೊನೆಯಲ್ಲಿ ಒಂದು ಮಹಾಘಟನೆ ನಡೆಯುತ್ತದೆ. ಹತ್ತನೆಯದರ ಬಹುಭಾಗ ಅದೇ ಹೊತ್ತಿನಲ್ಲಿ ಉಳಿದವರೆಲ್ಲ ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಹೇಳುವುದರಲ್ಲೇ ಕಳೆಯುತ್ತದೆ. ಜಾರ್ಜ್ ಮಾರ್ಟಿನ್ ಇನ್ನೊಂದು ಬಗೆಯ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಕತೆ ಒಂದೇ ಪುಸ್ತಕದಲ್ಲಿ ಹಿಡಿಸದಾದಾಗ ಅವರು ಕಾಲದ ಪ್ರಕಾರ ಭಾಗ ಮಾಡದೆ ಪಾತ್ರಗಳ ಪ್ರಕಾರ ಭಾಗ ಮಾಡಿದರು. 2005ರ ನಾಲ್ಕನೆಯ ಸಂಪುಟದಲ್ಲಿ ಓದುಗರ ಮೆಚ್ಚಿನ ಮೂರು ಪಾತ್ರಗಳಿಗೆ ತಮ್ಮದೇ ಅಧ್ಯಾಯಗಳು ಇರಲೇ ಇಲ್ಲ. ಅವರಿಗಾಗಿ ಕಾಯಬೇಕಾದದ್ದು 2011ರವರೆಗೆ. ನಾಲ್ಕನೆಯದನ್ನೂ ಐದನೆಯದನ್ನೂ ಒಟ್ಟಿಗೆ ಓದುವ ಇಂದಿನವರಿಗೆ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ. ನಡುವಣ ಸಂಪುಟದ ಮೇಲಿನ ತೀರ್ಪು ಮಾಲೆ ಮುಗಿದ ಮೇಲೆ ಬದಲಾಗುವುದುಂಟು. ಬಿಡುಗಡೆಯ ವಾರ ಬರೆದ ವಿಮರ್ಶೆಯನ್ನು ಕೊನೆಯ ಮಾತೆಂದು ಹಿಡಿಯಬಾರದು.

ಎರಡನೆಯ ಪ್ರಶ್ನೆ ನೆನಪಿನದು. ಹಿಂದಿನ ಕತೆಯನ್ನು ಮರೆತವನಿಗೂ ಹೊಸದಾಗಿ ಬಂದವನಿಗೂ ಲೇಖಕ ದಾರಿ ತೋರಬೇಕು. ಹಾಗೆಂದು ಮೊದಲನೆಯದನ್ನು ನಿನ್ನೆಯಷ್ಟೇ ಮುಗಿಸಿದವನು ಬೇಸರದಿಂದ ಪುಟ ತಿರುವುವಂತಾಗಬಾರದು. ದೊಡ್ಡಾಟ ಇದಕ್ಕೆ ಕಂಡುಕೊಂಡ ಉಪಾಯ ಸಾರಥಿ. ಪಾತ್ರವೊಂದು ರಂಗಕ್ಕೆ ಬಂದೊಡನೆ ಅವನು ಎದುರಾಗಿ ಯಾರು, ಎಲ್ಲಿಂದ ಬಂದಿರಿ, ಏನು ಕಾರಣ ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ತನ್ನ ಕುಲ, ಬಿರುದು, ಬಂದ ಕೆಲಸವನ್ನು ಗತ್ತಿನಿಂದ ಹೇಳಿಕೊಳ್ಳುತ್ತಾನೆ. ಮಾಹಿತಿ ಮುಟ್ಟಿತು, ಆಟವೂ ನಿಲ್ಲಲಿಲ್ಲ. ಪಂಡಿತ ಕವಿಗಳ ಉಪಾಯ ಇನ್ನೂ ಸೂಕ್ಷ್ಮ. ರನ್ನ ‘ಗದಾಯುದ್ಧ’ಕ್ಕೆ ಆರಿಸಿಕೊಂಡದ್ದು ಭಾರತದ ಕಟ್ಟಕಡೆಯ ಕಾಳಗವನ್ನು. ಮುಂದೆ ನಡೆಯುತ್ತಲೇ ಹಿಂದಿರುಗಿ ನೋಡುವ ಸಿಂಹಾವಲೋಕನ ಕ್ರಮದಲ್ಲಿ ಅವನು ಇಡೀ ಭಾರತವನ್ನೇ ಅದರೊಳಗೆ ತಂದ. ಅಲ್ಲಿ ಹಿಂದಿನದನ್ನು ನೆನೆಯುವವರು ಕವಿಯ ಅನುಕೂಲಕ್ಕಾಗಿ ನೆನೆಯುವುದಿಲ್ಲ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗೆ ಒಬ್ಬೊಬ್ಬರನ್ನು ಕಂಡಾಗಲೂ ಹಿಂದಿನದು ನೆನಪಾಗುವುದು ದುಃಖದಿಂದ, ಸಿಟ್ಟಿನಿಂದ. ಇಂದಿನ ಅನೇಕ ಮಾಲೆಗಳಲ್ಲಿ ಎರಡು ಪಾತ್ರಗಳು ಎರಡಕ್ಕೂ ಗೊತ್ತಿರುವುದನ್ನೇ ಎರಡು ಪುಟ ಮಾತಾಡಿಕೊಳ್ಳುವುದನ್ನು ಕಂಡಾಗ, ಸಾವಿರ ವರ್ಷದ ಹಿಂದಿನ ಕವಿ ಈ ಕಸುಬಿನಲ್ಲಿ ಎಷ್ಟು ಮುಂದಿದ್ದ ಎಂದು ಗೊತ್ತಾಗುತ್ತದೆ.

ಅದ್ಭುತ ಲೋಕದ ಕತೆಗಳಿಗೇ ಸೇರಿದ ಇನ್ನೊಂದು ಪರೀಕ್ಷೆ ಕಟ್ಟಳೆಯದು. ಮಾಯ, ವರ, ಶಾಪಗಳಿರುವ ಕತೆಯಲ್ಲಿ ಏನು ಬೇಕಾದರೂ ನಡೆಯಬಹುದೆಂದಾದರೆ ಯಾವುದಕ್ಕೂ ಬೆಲೆಯಿರುವುದಿಲ್ಲ. ಮೊದಲ ಸಂಪುಟ ಹಾಕಿದ ಕಟ್ಟಳೆಯನ್ನು ನಡುವಿನದು ಮುರಿಯುವ ಹಾಗಿಲ್ಲ. ಬೇಕಿದ್ದರೆ ಅದರ ಒಳಗೇ ಅಡಗಿದ್ದ ದಾರಿಯನ್ನು ತೋರಿಸಬಹುದು. ಹರಿಹರದ ಸ್ಥಳಪುರಾಣವೇ ಇದಕ್ಕೆ ಒಳ್ಳೆಯ ನಿದರ್ಶನ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ಗುಹಾಸುರ ಬ್ರಹ್ಮನಿಂದ ವರ ಪಡೆದ. ವರವನ್ನು ಬ್ರಹ್ಮ ಹಿಂತೆಗೆದುಕೊಂಡಿದ್ದರೆ ಕತೆ ಅಲ್ಲೇ ಕೆಡುತ್ತಿತ್ತು. ಹಾಗಾಗದೆ ಇಬ್ಬರೂ ಒಂದೇ ಮೈಯಾಗಿ, ಕೇವಲ ಹರಿಯೂ ಅಲ್ಲದ ಕೇವಲ ಹರನೂ ಅಲ್ಲದ ರೂಪದಲ್ಲಿ ಬಂದು ಅವನನ್ನು ಮುಗಿಸಿದರು. ವರದ ಮಾತು ಮಾತಾಗಿಯೇ ಉಳಿಯಿತು. ಕೇಳುವವನಿಗೆ ಮೋಸ ಹೋದೆನೆನ್ನಿಸುವುದಿಲ್ಲ, ತನಗೇ ಮೊದಲು ಹೊಳೆಯಬೇಕಿತ್ತು ಎನ್ನಿಸುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಪೊಲಾಳ್ವ ದಂಡನಾಯಕ 1224ರ ಸುಮಾರಿಗೆ ಕಟ್ಟಿಸಿದ ದೇವಾಲಯದಲ್ಲಿ ಆ ಕೂಡು ರೂಪ ಇಂದೂ ಪೂಜೆಗೊಳ್ಳುತ್ತಿದೆ. ಅಸುರನ ಕಾಡಿಗೆ ಎಲ್ಲೆಯನ್ನೂ ಈ ಪುರಾಣ ಹೇಳುತ್ತದೆ. ಒಂದು ಕಡೆ ಉಚ್ಚಂಗಿದುರ್ಗ, ಇನ್ನೊಂದು ಕಡೆ ಹೊಳೆಯಾಚೆಯ ಐರಣಿ. ಫ್ಯಾಂಟಸಿ ಕಾದಂಬರಿಗಳ ಮುಖಪುಟದ ಒಳಗೆ ಅಚ್ಚಾಗುವ ಭೂಪಟಗಳು ಮಾಡುವ ಕೆಲಸವೇ ಇದು. ಮೊದಲ ಸಂಪುಟದ ಭೂಪಟದಲ್ಲಿ ಎರಡು ದಿನದ ದಾರಿಯಾದದ್ದು ಮೂರನೆಯದರಲ್ಲಿ ಅರ್ಧ ದಿನಕ್ಕೆ ಇಳಿದರೆ ವಿಮರ್ಶಕ ಕೇಳಲೇಬೇಕು.

ಐತಿಹಾಸಿಕ ಮಾಲೆಗಳಲ್ಲಿ ಮಾಯದ ಕಟ್ಟಳೆಯ ಜಾಗಕ್ಕೆ ಚರಿತ್ರೆಯೇ ಬರುತ್ತದೆ. 1748ರಲ್ಲಿ ಹಿರಿಯ ಮದಕರಿ ನಾಯಕ ಬಿದ್ದ ಮಾಯಕೊಂಡ ದಾವಣಗೆರೆ ತಾಲ್ಲೂಕಿನಲ್ಲೇ ಇದೆ. ದುರ್ಗದ ಮಾಲೆಗೆ ಕೈಹಾಕಿದ ಯಾವ ಲೇಖಕನೂ ಆ ಕಾಳಗದಲ್ಲಿ ನಾಯಕನನ್ನು ಗೆಲ್ಲಿಸಲಾರ. ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಜೊತೆ ದುರ್ಗಕ್ಕಿದ್ದ ಹಗೆಯನ್ನು ಒಂದು ಸಂಪುಟದಲ್ಲಿ ಹೇಳಿ ಮತ್ತೊಂದರಲ್ಲಿ ಮರೆಯಲೂ ಬಾರದು. ಮುಕ್ತಾಯ ಏನೆಂದು ಓದುಗನಿಗೆ ಮೊದಲೇ ಗೊತ್ತು, 1779ರಲ್ಲಿ ಕೋಟೆ ಬೀಳುತ್ತದೆ. ಆದ್ದರಿಂದ ಇಂಥ ಮಾಲೆಯ ನಡುವಣ ಪುಸ್ತಕಕ್ಕೆ ಮುಂದೇನಾಗುವುದೋ ಎಂಬ ಕುತೂಹಲದ ಆಸರೆ ಅರ್ಧ ಮಾತ್ರ. ಉಳಿದರ್ಧವನ್ನು ಅದು ಮನುಷ್ಯರಿಂದ ಗಳಿಸಬೇಕು. ತ.ರಾ.ಸು. ಅವರ ಶಕ್ತಿ ಇರುವುದು ಇಲ್ಲಿಯೇ. ಸಂಭಾಷಣೆಯ ಕಾವು, ಅರಮನೆಯ ಹೆಂಗಸರ ದುಃಖ, ಒಳಸಂಚಿನ ಉಸಿರುಕಟ್ಟು ಅವರಿಗೆ ಒಲಿದಷ್ಟು ಕನ್ನಡದಲ್ಲಿ ಹೆಚ್ಚು ಜನರಿಗೆ ಒಲಿದಿಲ್ಲ. ಭಾವದ ಬಿಸಿ ಕೆಲವು ಕಡೆ ಅತಿಯಾಗುತ್ತದೆ, ಮಾತು ನಾಟಕದ ಧಾಟಿಗೆ ಏರುತ್ತದೆ. ಕಂಪನಿ ನಾಟಕಗಳ ತವರಾದ ದಾವಣಗೆರೆಯ ಸೀಮೆಯಲ್ಲಿ ಅದು ದೋಷವೆಂದು ಯಾರಿಗೂ ತೋರಲಿಕ್ಕಿಲ್ಲ.

ಪಾತ್ರಗಳ ಬೆಳವಣಿಗೆಯನ್ನು ಅಳೆಯುವುದು ಮಾಲೆಯ ನಡುವೆ ಕಷ್ಟ, ಏಕೆಂದರೆ ಬೆಳವಣಿಗೆ ಇನ್ನೂ ಮುಗಿದಿಲ್ಲ. ‘ಮಹಾಕ್ಷತ್ರಿಯ’ದ ನಹುಷನಿಗೆ ಆ ತೊಂದರೆ ಇಲ್ಲ. ವೃತ್ರನನ್ನು ಕೊಂದ ಪಾಪಕ್ಕೆ ಹೆದರಿ ಇಂದ್ರ ಅಡಗಿದಾಗ ಮನುಷ್ಯನೊಬ್ಬ ಸ್ವರ್ಗದ ಗದ್ದುಗೆ ಏರುತ್ತಾನೆ, ಋಷಿಗಳಿಂದ ಪಲ್ಲಕ್ಕಿ ಹೊರಿಸಿ ಹಾವಾಗಿ ಬೀಳುತ್ತಾನೆ ಎಂಬ ಪುರಾಣದ ಏರಿಳಿತವೇ ಒಂದು ಪೂರ್ಣ ವೃತ್ತ. ಆದರೆ ಕತೆ ಮುಂದುವರಿಯುವ ಮಾಲೆಯಲ್ಲಿ ಒಬ್ಬನ ಪತನ ಎರಡನೆಯ ಪುಸ್ತಕದಲ್ಲಿ, ಅರಿವು ನಾಲ್ಕನೆಯದರಲ್ಲಿ ಬರಬಹುದು. ಅಲ್ಲಿ ಕೇಳಬೇಕಾದದ್ದು ಪಾತ್ರ ಒಳ್ಳೆಯದಾಯಿತೆ ಎಂದಲ್ಲ. ಹಿಂದಿನ ಸಂಪುಟದಲ್ಲಿ ಪಟ್ಟ ಪಾಡು ಅದರ ಮೈಮೇಲೆ, ಮಾತಿನಲ್ಲಿ, ನಂಬಿಕೆಯಲ್ಲಿ ಗುರುತು ಉಳಿಸಿದೆಯೆ ಎಂದು. ಮೊದಲ ಸಂಪುಟದಲ್ಲಿ ಅಣ್ಣನನ್ನು ಕಳೆದುಕೊಂಡವನು ಎರಡನೆಯದರಲ್ಲಿ ಅಣ್ಣನೇ ಇರಲಿಲ್ಲವೆಂಬಂತೆ ನಗುತ್ತಿದ್ದರೆ ಅದು ಲೇಖಕನ ಮರೆವು.

ಸಿನಿಮಾ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರವಾಗಿ ಹೆಣೆದರು. ಚಿತ್ರದಲ್ಲಿ ನಡುವಣ ಸಂಪುಟವೆಂಬುದೇ ಉಳಿಯಲಿಲ್ಲ, ಅದು ಮಧ್ಯಂತರದ ಆಚೀಚೆ ಕರಗಿಹೋಯಿತು. ಚಿತ್ರ ನೋಡಿ ಕಾದಂಬರಿಗೆ ಬಂದವರು ಮೂರು ಪುಸ್ತಕಗಳ ನಡೆ ಬೇರೆಬೇರೆ ಇರುವುದನ್ನು ಕಂಡು ಅಚ್ಚರಿಪಡುವುದುಂಟು.

ಇನ್ನು ವಿಮರ್ಶಕನ ಸ್ವಂತ ನಡವಳಿಕೆ. ನಡುವಣ ಸಂಪುಟದ ಬಗ್ಗೆ ಬರೆಯುವವನು ಹಿಂದಿನವನ್ನು ಓದಿದ್ದಾನೆಯೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು. ಓದದೆ ಬರೆಯುವುದು ಅಪರಾಧವಲ್ಲ. ಹೊಸಬನಿಗೆ ಪುಸ್ತಕ ಎಷ್ಟು ತೆರೆದುಕೊಳ್ಳುತ್ತದೆ ಎಂದು ಹೇಳಬಲ್ಲವನು ಅವನೊಬ್ಬನೇ. ಓದದೆ ಓದಿದವನಂತೆ ಬರೆಯುವುದು ಮಾತ್ರ ಸಲ್ಲದು. ಕತೆಯ ಗುಟ್ಟುಗಳ ವಿಷಯದಲ್ಲೂ ಒಂದು ಮರ್ಯಾದೆ ಬೇಕು. ಹಿಂದಿನ ಸಂಪುಟದ ಸಾವನ್ನು ಹೇಳದೆ ಮುಂದಿನದರ ವಿಮರ್ಶೆ ಸಾಧ್ಯವಿಲ್ಲದಿರಬಹುದು. ಆಗ ಮುನ್ನೆಚ್ಚರಿಕೆ ಕೊಟ್ಟು ಹೇಳಬೇಕು, ಈ ಸಂಪುಟದ ಕೊನೆಯನ್ನಂತೂ ಹೇಳಬಾರದು. ಕೊನೆಯ ಪುಟದಲ್ಲಿ ಕತೆ ತೂಗುಯ್ಯಾಲೆಯಲ್ಲಿ ನಿಂತಿದೆಯೆಂದು ಸಿಟ್ಟಾಗುವ ಮೊದಲು ಆ ಸಂಪುಟದ ಸ್ವಂತ ಪ್ರಶ್ನೆ ತೀರಿದೆಯೆ ಎಂದು ನೋಡುವುದು ಮೇಲು. ಅದು ತೀರಿದ್ದರೆ ಉಳಿದ ತೂಗಾಟ ಮಾಲೆಯ ಹಕ್ಕು. ತೀರದಿದ್ದರೆ ಅದು ಮುಂದಿನ ಪುಸ್ತಕ ಮಾರುವ ಉಪಾಯ.

ಊರಿನ ಗ್ರಂಥಾಲಯಗಳಿಂದ ಪುಸ್ತಕ ತರುವವರಿಗೆ ಈ ಚರ್ಚೆಗಳಿಗಿಂತ ಮೊದಲಿನ ಕಷ್ಟ ಬೇರೊಂದಿದೆ: ಮೊದಲ ಸಂಪುಟವನ್ನು ಯಾರೋ ಒಯ್ದಿರುತ್ತಾರೆ, ಕಪಾಟಿನಲ್ಲಿ ಉಳಿದಿರುವುದು ಎರಡನೆಯದು. ಹಾಗೆ ಕೈಗೆ ಸಿಕ್ಕದ್ದು ‘ಮಹಾಕ್ಷತ್ರಿಯ’ವಾದರೆ ಧೈರ್ಯವಾಗಿ ಒಯ್ಯಬಹುದು. ‘ದುರ್ಗಾಸ್ತಮಾನ’ವನ್ನೂ ಹಿಂದಿನ ಏಳನ್ನು ಓದದೆ ಓದಿ ಮೆಚ್ಚಿದವರು ಸಾವಿರಾರು ಜನ. ‘ರಕ್ತರಾತ್ರಿ’ಯಾದರೆ ಅದನ್ನು ಅಲ್ಲೇ ಬಿಟ್ಟು ‘ಕಂಬನಿಯ ಕುಯಿಲು’ ಬರುವವರೆಗೆ ಕಾಯುವುದು ಒಳ್ಳೆಯದು. ಮಾಲೆಯ ಪುಸ್ತಕಗಳ ಬೆನ್ನಿನ ಮೇಲೆ ಸಂಪುಟದ ಕ್ರಮಸಂಖ್ಯೆಯನ್ನು ಅಚ್ಚುಹಾಕುವ ಪದ್ಧತಿಯನ್ನು ಕನ್ನಡದ ಪ್ರಕಾಶಕರು ಇನ್ನಾದರೂ ರೂಢಿಸಿಕೊಂಡರೆ ಓದುಗರಿಗೂ ಗ್ರಂಥಪಾಲಕರಿಗೂ ಉಪಕಾರವಾಗುತ್ತದೆ.